ಯಾರೂ ಹಾಡು ಕೇಳದಿರುವಾಗಲೂ ಸಂಗೀತ ಸರ್ವರ್ ಪ್ರೊಸೆಸರನ್ನು ಬಿಡದೆ ದುಡಿಸುತ್ತಿದೆ: ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ಮಂದ್ರಸ್ಥಾಯಿ

ಎಲ್ಲರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ 4 ಯಂತ್ರಕ್ಕೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸಿ, ಅದರಲ್ಲಿರುವ ಸುಮಾರು 38,000 ಹಾಡುಗಳನ್ನು ಒಂದು ಸಂಗೀತ ಸರ್ವರ್ ತಂತ್ರಾಂಶದ ಮೂಲಕ ಎರಡು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕಡತಗಳಲ್ಲಿ ಹೆಚ್ಚಿನವು ಫ್ಲಾಕ್ (ಗುಣಮಟ್ಟ ಕಳೆದುಕೊಳ್ಳದೆ ಕುಗ್ಗಿಸಿದ ರೂಪ), ಉಳಿದವು ಎಂಪಿ3. ಮನೆಯಲ್ಲಿ ಹೀಗೊಂದು ಯಂತ್ರ ನಡೆಯುತ್ತಿದೆ ಎಂಬುದೇ ಮರೆತುಹೋಗುವಷ್ಟು ಸದ್ದಿಲ್ಲದೆ ಅದು ಇಷ್ಟು ಕಾಲ ಕೆಲಸ ಮಾಡಿತ್ತು. ತಂತ್ರಾಂಶದ ಹೆಸರನ್ನು ಬೇಕೆಂದೇ ಹೇಳಿಲ್ಲ. ಹೇಳಿದರೆ ಚರ್ಚೆ ಅದು ಉತ್ತಮವೋ ಇದು ಉತ್ತಮವೋ ಎಂಬ ಕಡೆಗೆ ಹೊರಳುತ್ತದೆ.

ಮೂರು ವಾರಗಳ ಹಿಂದೆ, ಹಳೆಯ ಡಿಸ್ಕ್ ತುಂಬಿತೆಂದು ಸಂಗ್ರಹವನ್ನೆಲ್ಲ ದೊಡ್ಡದೊಂದು ಡಿಸ್ಕಿಗೆ ವರ್ಗಾಯಿಸಿದೆ. ಅದೇ ದಿನ ತಂತ್ರಾಂಶವನ್ನೂ ಹೊಸ ಆವೃತ್ತಿಗೆ ಏರಿಸಿ, ಸೆಟ್ಟಿಂಗ್‌ಗಳ ಮೇಲೆ ಒಮ್ಮೆ ಕಣ್ಣಾಡಿಸಿ ಒಂದೆರಡನ್ನು ಬದಲಿಸಿದೆ. ಅಂದಿನಿಂದ, ಯಾರೂ ಹಾಡು ಕೇಳದಿರುವ ಹೊತ್ತಿನಲ್ಲಿಯೂ ಟಾಪ್ ಆದೇಶದಲ್ಲಿ (ಯಾವ ಪ್ರೋಗ್ರಾಮು ಪ್ರೊಸೆಸರನ್ನು ಎಷ್ಟು ಬಳಸುತ್ತಿದೆ ಎಂದು ತೋರಿಸುವ ಲಿನಕ್ಸ್ ಆದೇಶ) ಸರ್ವರಿನ ಪ್ರಕ್ರಿಯೆಯ ಎದುರು ಪ್ರತಿಶತ 100ರಿಂದ 130ರವರೆಗಿನ ಸಂಖ್ಯೆ ಕಾಣುತ್ತಿದೆ. ನೂರನ್ನು ಮೀರಿ ನೂರಮೂವತ್ತು ಹೇಗಾಗುತ್ತದೆ ಎಂಬುದೂ ನನಗೆ ಅರ್ಥವಾಗಿಲ್ಲ. ಯಂತ್ರದ ಹೊದಿಕೆ ಮುಟ್ಟಿದರೆ ಬಿಸಿಯಾಗಿರುತ್ತದೆ, ಡಿಸ್ಕ್ ಒಂದು ರಾತ್ರಿಯೂ ತಿರುಗುವುದನ್ನು ನಿಲ್ಲಿಸಿಲ್ಲ, ಬ್ರೌಸರಿನಲ್ಲಿ ಆಲ್ಬಮ್‌ಗಳ ಪಟ್ಟಿ ತೆರೆಯಲು ಹತ್ತು ಹನ್ನೆರಡು ಸೆಕೆಂಡು ಹಿಡಿಯುತ್ತದೆ.

ಯಂತ್ರವನ್ನು ಹಲವು ಬಾರಿ ಮರುಚಾಲನೆ ಮಾಡಿದ್ದೇನೆ, ಡೇಟಾಬೇಸ್ ಅಳಿಸಿ ಮೊದಲಿನಿಂದ ಸ್ಕ್ಯಾನ್ (ಕಡತಗಳನ್ನೆಲ್ಲ ನೋಡಿ ಪಟ್ಟಿ ಮಾಡುವ ಕೆಲಸ) ಮಾಡಿಸಿದ್ದೇನೆ, ಹೊಸ ಆವೃತ್ತಿಯದೇ ತಪ್ಪಿರಬಹುದೆಂದು ಹಳೆಯದಕ್ಕೂ ಮರಳಿ ನೋಡಿದ್ದೇನೆ. ಯಾವುದರಿಂದಲೂ ವ್ಯತ್ಯಾಸವಾಗಲಿಲ್ಲ. ಒಮ್ಮೊಮ್ಮೆ ಅರ್ಧ ನಿಮಿಷದಷ್ಟು ಕಾಲ ಎಲ್ಲವೂ ತಾನಾಗಿಯೇ ಶಾಂತವಾಗಿ ಮತ್ತೆ ಏರುತ್ತದೆ. ಇದು ಮುಖ್ಯವೋ ಅಲ್ಲವೋ ತಿಳಿಯದು. ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಮೂರನೆಯ ತಂತಿ

ನನ್ನ ಅನುಭವದಲ್ಲಿ ಇಂತಹ ಹತ್ತು ದೂರುಗಳಲ್ಲಿ ಏಳೆಂಟಕ್ಕೆ ಟ್ರಾನ್ಸ್‌ಕೋಡಿಂಗ್, ಅಂದರೆ ಹಾಡನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು, ಕಾರಣವಾಗಿರುತ್ತದೆ. ಫ್ಲಾಕ್ ಕಡತವನ್ನು ಬಿಚ್ಚಿ ಓದುವುದು ಪ್ರೊಸೆಸರಿಗೆ ಬಹಳ ಹಗುರವಾದ ಕೆಲಸ. ಆದರೆ ಕೇಳುವ ಸಾಧನಕ್ಕೆ ಫ್ಲಾಕ್ ಬಾರದಿದ್ದರೆ, ಅಥವಾ ಆ ಸಾಧನದ ಆ್ಯಪ್‌ನಲ್ಲಿ ಗುಣಮಟ್ಟದ ಮಿತಿಯನ್ನು 128 ಕೆಬಿಪಿಎಸ್ ಎಂದೋ ಮತ್ತೊಂದೋ ಇಟ್ಟಿದ್ದರೆ, ಸರ್ವರ್ ಆ ಹಾಡನ್ನು ಬಿಚ್ಚಿ ಓಪಸ್ ಅಥವಾ ಎಂಪಿ3 ರೂಪಕ್ಕೆ ಹೊಸದಾಗಿ ಕಟ್ಟಿಕೊಡಬೇಕಾಗುತ್ತದೆ. ಭಾರವಿರುವುದು ಈ ಕಟ್ಟುವ ಕೆಲಸದಲ್ಲಿ. ಸಂಗ್ರಹದಲ್ಲಿ ಡಿಎಸ್‌ಡಿ (ಧ್ವನಿಯನ್ನು ಒಂದೊಂದೇ ಬಿಟ್‌ನ ಮಾದರಿಗಳಾಗಿ ಇಡುವ ರೂಪ) ಕಡತಗಳಿದ್ದರೆ ಹೊರೆ ಇನ್ನೂ ಹೆಚ್ಚು, ಏಕೆಂದರೆ ಡಿಎಸ್‌ಡಿ 64ರಲ್ಲಿ ಪ್ರತಿ ಸೆಕೆಂಡಿಗೆ ಒಂದೊಂದು ಚಾನೆಲ್ಲಿಗೂ 28,22,400 ಮಾದರಿಗಳಿರುತ್ತವೆ ಮತ್ತು ಅವನ್ನೆಲ್ಲ ಸೋಸಿ ಪಿಸಿಎಂ ಎಂಬ ಸಾಮಾನ್ಯ ಡಿಜಿಟಲ್ ಧ್ವನಿಯ ರೂಪಕ್ಕೆ ಇಳಿಸಬೇಕು.

ಮನೆಯಲ್ಲಿ ಯಾವುದಾದರೂ ಹಳೆಯ ಫೋನ್ ಅಥವಾ ಸ್ಪೀಕರ್ ಧ್ವನಿಯನ್ನು ಸೊನ್ನೆಗಿಳಿಸಿಕೊಂಡು ಹಾಡುತ್ತಲೇ ಇದೆಯೇ ಎಂದು ಮೊದಲು ನೋಡಿ. ನಗಬೇಡಿ, ನಮ್ಮ ಮನೆಯಲ್ಲಿ ಹೀಗಾಗಿದೆ. ನಾಲ್ಕು ದಿನ ಸರ್ವರನ್ನು ಶಪಿಸಿದ ಮೇಲೆ, ಡ್ರಾಯರಿನಲ್ಲಿ ಚಾರ್ಜರಿಗೆ ಸಿಕ್ಕಿಸಿಟ್ಟಿದ್ದ ಫೋನೊಂದು ಒಂದೇ ಆಲ್ಬಮನ್ನು ಸುತ್ತಿ ಸುತ್ತಿ ಹಾಡುತ್ತಿದ್ದುದು ಗೊತ್ತಾಯಿತು.

ಉತ್ತರ: ಹಳೆಹಲಗೆ

ಟ್ರಾನ್ಸ್‌ಕೋಡಿಂಗ್ ಇರಬಹುದು, ಆದರೆ ಪ್ರಶ್ನೆಯಲ್ಲಿರುವ ಲಕ್ಷಣಗಳು ಅದಕ್ಕೆ ಹೊಂದುತ್ತಿಲ್ಲ. ಬಹುಪಾಲು ಸರ್ವರ್‌ಗಳು ಆ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಬೇರೆ ಪ್ರೋಗ್ರಾಮನ್ನು ಕರೆಯುತ್ತವೆ. ಹಾಗಾದಾಗ ಟಾಪ್ ಪಟ್ಟಿಯಲ್ಲಿ ಆ ಹೆಸರಿನ ಪ್ರತ್ಯೇಕ ಸಾಲು ಕಾಣಬೇಕೇ ಹೊರತು ಸರ್ವರಿನ ಸ್ವಂತ ಪ್ರಕ್ರಿಯೆಯೇ ನೂರಕ್ಕೆ ಏರಬಾರದು.

ಮಂದ್ರಸ್ಥಾಯಿ ಅವರೇ, ಮೊದಲು ನೂರಮೂವತ್ತರ ವಿಷಯ. ಲಿನಕ್ಸಿನ ಟಾಪ್ ಸಾಮಾನ್ಯವಾಗಿ ಒಂದು ಕೋರ್ (ಪ್ರೊಸೆಸರಿನೊಳಗಿನ ಒಂದು ಸ್ವತಂತ್ರ ಘಟಕ) ಪೂರ್ತಿ ದುಡಿಯುವುದನ್ನು ನೂರು ಎಂದು ಎಣಿಸುತ್ತದೆ. ನಿಮ್ಮ ಯಂತ್ರದಲ್ಲಿ ನಾಲ್ಕು ಕೋರ್‌ಗಳಿರುವುದರಿಂದ ಗರಿಷ್ಠ ಮಿತಿ 400. ನಿಮ್ಮಲ್ಲಿ ಕಾಣುತ್ತಿರುವುದು ಒಂದು ಕೋರ್ ಪೂರ್ತಿಯಾಗಿ, ಇನ್ನೊಂದು ಆಗಾಗ ಸ್ವಲ್ಪ ಬಳಕೆಯಾಗುತ್ತಿರುವ ಚಿತ್ರ. ಇದರಿಂದಲೇ ಒಂದು ಸುಳಿವು ಸಿಗುತ್ತದೆ: ಒಂದೇ ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಒಂದು ಎಳೆ) ಯಾವುದೋ ಕೆಲಸವನ್ನು ಮುಗಿಸದೆ, ಅಥವಾ ಮುಗಿಸಿ ಮತ್ತೆ ಮತ್ತೆ, ಮಾಡುತ್ತಿದೆ.

ಎಷ್ಟು ಪ್ರತಿಶತ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಯಾವಾಗ ಮತ್ತು ಯಾರು ಎಂಬ ಎರಡನ್ನು ಹಿಡಿಯೋಣ. ಮನೆಯ ಫೋನ್‌ಗಳನ್ನೂ ಸ್ಪೀಕರ್‌ಗಳನ್ನೂ ವೈಫೈನಿಂದ ಬಿಡಿಸಿ, ಬ್ರೌಸರಿನಲ್ಲಿ ತೆರೆದಿಟ್ಟ ಸರ್ವರ್ ಪುಟಗಳನ್ನೂ ಮುಚ್ಚಿ. ನಂತರ ಟಾಪ್ ನಡೆಯುತ್ತಿರುವಾಗ ದೊಡ್ಡಕ್ಷರದ ಎಚ್ ಒತ್ತಿದರೆ ಪ್ರಕ್ರಿಯೆಗಳ ಬದಲಿಗೆ ಥ್ರೆಡ್‌ಗಳು ಒಂದೊಂದಾಗಿ ಕಾಣುತ್ತವೆ. ಅಲ್ಲಿ ಮೇಲುಗಡೆ ನಿಲ್ಲುವ ಹೆಸರನ್ನು ಬರೆದುಕೊಳ್ಳಿ. ಅರ್ಧ ಗಂಟೆ ಗಡಿಯಾರ ನೋಡುತ್ತ, ಏರುವ ಮತ್ತು ಇಳಿಯುವ ಸಮಯಗಳನ್ನೂ ಬರೆಯಿರಿ. ಆ ಅರ್ಧ ನಿಮಿಷದ ಶಾಂತಿಯೇ ನಿಮ್ಮ ಪ್ರಶ್ನೆಯಲ್ಲಿರುವ ಅತಿ ಮುಖ್ಯ ವಾಕ್ಯವೆಂದು ನನಗೆ ಅನ್ನಿಸುತ್ತಿದೆ.

ಜೊತೆಗೆ, ಪ್ರೊಸೆಸರಿನ ವೇಗ ತಗ್ಗಿದೆಯೇ ಎಂದು ತಿಳಿಯಲು, ವಿಸಿಜೆನ್‌ಸಿಎಂಡಿ ಆದೇಶಕ್ಕೆ ಗೆಟ್ ಥ್ರಾಟಲ್ಡ್ ಎಂದು ಕೊಟ್ಟು ಬರುವ ಉತ್ತರವನ್ನೂ ಇಲ್ಲಿ ಹಾಕಿ. ಕಾರಣ ಇಷ್ಟೇ: ಪ್ರತಿಶತವೆಂಬುದು ಕಾಲದ ಲೆಕ್ಕವೇ ಹೊರತು ಕೆಲಸದ ಲೆಕ್ಕವಲ್ಲ. 1500 ಮೆಗಾಹರ್ಟ್ಸ್‌ನಲ್ಲಿ ಓಡುವಾಗ 20 ಪ್ರತಿಶತ ಹಿಡಿಯುವ ಕೆಲಸ, ಬಿಸಿಯಿಂದಲೋ ವಿದ್ಯುತ್ ಸಾಲದೆಯೋ ಪ್ರೊಸೆಸರ್ 600ಕ್ಕೆ ಇಳಿದಾಗ ಹೆಚ್ಚುಕಡಿಮೆ 50 ಎಂದು ಕಾಣುತ್ತದೆ. ತಂತ್ರಾಂಶದ ಮೇಲೆ ಹೊರಿಸಿದ ಎಷ್ಟೋ ಆರೋಪಗಳು ಕೊನೆಗೆ ಒಂದು ಸಪೂರ ಕೇಬಲ್ಲಿನ ಬಳಿ ಹೋಗಿ ನಿಂತಿವೆ.

ಉತ್ತರ: ನಿಧಾನಿ

ಹಳೆಹಲಗೆಯವರು ಹೇಳಿದ ಪರೀಕ್ಷೆ ನಡೆಯಲಿ. ಈ ನಡುವೆ, ಡಿಸ್ಕ್ ಬದಲಿಸಿದ ಮೇಲೆ ಶುರುವಾಯಿತೆಂದು ಪ್ರಶ್ನೆಯಲ್ಲಿ ಇರುವುದರಿಂದ ನನ್ನ ಪ್ರಸಂಗವನ್ನು ಹೇಳಿಬಿಡುತ್ತೇನೆ. ನಾನು ಕಡತಗಳನ್ನು ನಕಲಿಸುವಾಗ ಎಲ್ಲವೂ ರೂಟ್ ಎಂಬ ಮುಖ್ಯ ಬಳಕೆದಾರನ ಒಡೆತನಕ್ಕೆ ಹೋಗಿದ್ದವು. ಸರ್ವರ್ ನಡೆಯುತ್ತಿದ್ದದ್ದು ಬೇರೊಂದು ಬಳಕೆದಾರ ಹೆಸರಿನಲ್ಲಿ. ಅದಕ್ಕೆ ಹಾಡುಗಳನ್ನು ಓದಲು ಅಡ್ಡಿಯಿರಲಿಲ್ಲ, ಆದರೆ ಆಲ್ಬಮ್ ಚಿತ್ರಗಳ ಸಣ್ಣ ಪ್ರತಿಗಳನ್ನು ಉಳಿಸಿಡುವ ಕ್ಯಾಶ್ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇರಲಿಲ್ಲ. ಹೀಗಾಗಿ ಪ್ರತಿ ಬಾರಿ ಪುಟ ತೆರೆದಾಗಲೂ ಕಡತದೊಳಗೆ ಹುದುಗಿದ್ದ 3000 ಗುಣಿಸು 3000 ಪಿಕ್ಸೆಲ್‌ಗಳ ಚಿತ್ರಗಳನ್ನು ಬಿಚ್ಚಿ, ಕುಗ್ಗಿಸಿ, ತೋರಿಸಿ, ಉಳಿಸಲಾಗದೆ ಎಸೆದು, ಮರುಸಲ ಮತ್ತೆ ಅದನ್ನೇ ಮಾಡುತ್ತಿತ್ತು. ಲಾಗ್‌ನಲ್ಲಿ ಅನುಮತಿ ನಿರಾಕರಣೆಯ ಸಾಲುಗಳು ಇರುವೆಗಳಂತೆ ಹರಿದಿದ್ದವು, ನಾನೇ ನೋಡಿರಲಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಡಿಸ್ಕ್ ಬೇರೊಂದು ಯಂತ್ರದಲ್ಲಿದ್ದು ನೆಟ್‌ವರ್ಕ್ ಮೂಲಕ ಜೋಡಣೆಯಾಗಿದ್ದರೆ, ಆ ತುದಿಯಲ್ಲಿ ನಡೆದ ಬದಲಾವಣೆಗಳ ಸೂಚನೆ ಲಿನಕ್ಸಿನ ಐನೋಟಿಫೈ ವ್ಯವಸ್ಥೆಯ ಮೂಲಕ ಈ ತುದಿಗೆ ಬರುವುದಿಲ್ಲ. ಆಗ ಕೆಲವು ತಂತ್ರಾಂಶಗಳು ಇಡೀ ಸಂಗ್ರಹವನ್ನು ನಿಗದಿತ ಅವಧಿಗೊಮ್ಮೆ ತಾವೇ ನಡೆದು ನೋಡಿ ಬರುತ್ತವೆ. ನಿಮ್ಮದು ಯುಎಸ್‌ಬಿ ಆದ್ದರಿಂದ ಇದು ಅನ್ವಯಿಸಲಾರದು.

ಪ್ರತಿಕ್ರಿಯೆ: ಮಂದ್ರಸ್ಥಾಯಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಹೇಳಿದ್ದನ್ನೆಲ್ಲ ಮಾಡಿದೆ.

ಎಲ್ಲ ಸಾಧನಗಳನ್ನು ಬಿಡಿಸಿದರೂ ಬಳಕೆ ಇಳಿಯಲಿಲ್ಲ. ಡ್ರಾಯರುಗಳನ್ನೂ ತೆರೆದು ನೋಡಿದ್ದೇನೆ. ಎಫ್‌ಎಫ್‌ಎಂಪೆಗ್ ಹೆಸರಿನ ಸಾಲು ಎಲ್ಲಿಯೂ ಇಲ್ಲ. ಥ್ರೆಡ್‌ಗಳ ಪಟ್ಟಿಯಲ್ಲಿ ಮೇಲಿರುವುದರ ಹೆಸರು ಸ್ಕ್ಯಾನರ್ ಎಂದು ಆರಂಭವಾಗುತ್ತದೆ, ಅದರ ಎದುರು 90ರ ಆಸುಪಾಸಿನ ಸಂಖ್ಯೆ ಇದೆ. ಕೆಳಗೆ ಡೇಟಾಬೇಸಿಗೆ ಸೇರಿದಂತೆ ಕಾಣುವ ಇನ್ನೊಂದು 20ರಿಂದ 30ರ ನಡುವೆ ಆಡುತ್ತಿದೆ. ಕ್ಯಾಶ್ ಫೋಲ್ಡರಿನ ಒಡೆತನ ಸರಿಯಾಗಿದೆ.

ಸಮಯಗಳು ಹೀಗಿವೆ: 9 ಗಂಟೆ 4 ನಿಮಿಷಕ್ಕೆ ಏರಿತು, 9:10ಕ್ಕೆ ಇಳಿಯಿತು, ಸುಮಾರು ಮೂವತ್ತು ಸೆಕೆಂಡು ಸುಮ್ಮನಿತ್ತು, ಮತ್ತೆ ಏರಿ 9:16 ದಾಟಿದ ಮೇಲೆ ಇಳಿಯಿತು, ಮತ್ತೆ ಅಷ್ಟೇ ವಿರಾಮ. ಐದು ಸುತ್ತು ನೋಡಿದೆ, ಐದೂ ಹೀಗೆಯೇ. ಆದರೆ ಸೆಟ್ಟಿಂಗ್‌ನಲ್ಲಿ ಸ್ಕ್ಯಾನ್ ದಿನಕ್ಕೊಮ್ಮೆ, ಬೆಳಗಿನ 3 ಗಂಟೆಗೆ ಎಂದಿದೆ! ಥ್ರಾಟಲ್ಡ್ ಆದೇಶದ ಉತ್ತರದಲ್ಲಿ ಹದಿನಾರರ ಎಣಿಕೆಯಲ್ಲಿ 50000 ಎಂದು ಬಂತು.

ಉತ್ತರ: ಹಳೆಹಲಗೆ

ಆರು ನಿಮಿಷ ದುಡಿಮೆ, ಅರ್ಧ ನಿಮಿಷ ವಿರಾಮ, ಐದು ಸುತ್ತೂ ಒಂದೇ ಅಳತೆ. ಕೆಟ್ಟ ಕಡತವೊಂದರ ಮೇಲೆ ಸ್ಕ್ಯಾನರ್ ಸಿಕ್ಕಿಕೊಂಡಿದ್ದರೆ ಹೀಗೆ ತಾಳಬದ್ಧವಾಗಿ ಇಳಿಯುತ್ತಿರಲಿಲ್ಲ. ನಿಮ್ಮ ಸ್ಕ್ಯಾನ್ ಪ್ರತಿ ಬಾರಿಯೂ ಸರಿಯಾಗಿಯೇ ಮುಗಿಯುತ್ತಿದೆ. ಮುಗಿದ ಮೇಲೆ ಅದನ್ನು ಯಾರೋ ಮತ್ತೆ ಎಬ್ಬಿಸುತ್ತಿದ್ದಾರೆ. ದಿನವೊಂದಕ್ಕೆ ಲೆಕ್ಕ ಹಾಕಿದರೆ ಸುಮಾರು 220 ಬಾರಿ ಆಗುತ್ತದೆ.

ದಿನಕ್ಕೊಮ್ಮೆ ಎಂಬ ವೇಳಾಪಟ್ಟಿಯ ಜೊತೆಗೆ, ಫೋಲ್ಡರಿನಲ್ಲಿ ಬದಲಾವಣೆ ಕಂಡಾಗ ಕೂಡಲೇ ಸ್ಕ್ಯಾನ್ ಮಾಡು ಎಂಬ ಇನ್ನೊಂದು ಆಯ್ಕೆ ಇಂತಹ ತಂತ್ರಾಂಶಗಳಲ್ಲಿ ಇರುತ್ತದೆ, ಮತ್ತು ಅನೇಕ ವೇಳೆ ನಾವು ಕೇಳದೆಯೇ ಚಾಲನೆಯಲ್ಲಿರುತ್ತದೆ. ಕಡತಗಳನ್ನು ನಕಲಿಸುತ್ತಿರುವಾಗ ಪ್ರತಿಯೊಂದಕ್ಕೂ ಸ್ಕ್ಯಾನ್ ಆರಂಭವಾಗದಿರಲೆಂದು, ಕೊನೆಯ ಬದಲಾವಣೆಯಾದ ಮೇಲೆ ಸ್ವಲ್ಪ ಹೊತ್ತು ಕಾಯುವ ಏರ್ಪಾಡೂ ಅದರೊಳಗೆ ಇರುತ್ತದೆ. ನಿಮ್ಮ ಮೂವತ್ತು ಸೆಕೆಂಡು ಆ ಕಾಯುವಿಕೆಯೇ ಇರಬೇಕು. ಅಂದರೆ ಪ್ರತಿ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಸಂಗೀತದ ಫೋಲ್ಡರಿನೊಳಗೆ ಯಾವುದೋ ಒಂದು ಕಡತ ಬದಲಾಗುತ್ತಿದೆ.

ಅದನ್ನು ಹಿಡಿಯುವುದು ಕಷ್ಟವಲ್ಲ. ಫೈಂಡ್ ಆದೇಶಕ್ಕೆ ಸಂಗೀತದ ಫೋಲ್ಡರಿನ ದಾರಿ ಕೊಟ್ಟು, ಎಂಮಿನ್ ಎಂಬ ಆಯ್ಕೆಯ ಮುಂದೆ ಮೈನಸ್ 10 ಎಂದು ಹಾಕಿದರೆ ಕಳೆದ ಹತ್ತು ನಿಮಿಷಗಳಲ್ಲಿ ಬದಲಾದವುಗಳ ಪಟ್ಟಿ ಬರುತ್ತದೆ. ಘಟನೆ ನಡೆಯುವಾಗಲೇ ನೋಡಬೇಕೆಂದರೆ, ಐನೋಟಿಫೈ ಟೂಲ್ಸ್ ಎಂಬ ಪ್ಯಾಕೇಜಿನಲ್ಲಿರುವ ಐನೋಟಿಫೈವೇಟ್ ಪ್ರೋಗ್ರಾಮನ್ನು ಮೈನಸ್ ಎಂ ಮತ್ತು ಮೈನಸ್ ಆರ್ ಆಯ್ಕೆಗಳೊಂದಿಗೆ ಓಡಿಸಿ. ಬರೆಯುವ, ಹೆಸರು ಬದಲಿಸುವ, ಅಳಿಸುವ ಘಟನೆಗಳನ್ನು ಮಾತ್ರ ಕೇಳಿಕೊಳ್ಳಿ. ಇಲ್ಲವಾದರೆ ಸ್ಕ್ಯಾನರ್ ಓದಿದ ಪ್ರತಿ ಕಡತವೂ ತೆರೆಯ ಮೇಲೆ ಸುರಿದು ಏನೂ ಕಾಣುವುದಿಲ್ಲ.

50000ದ ವಿಷಯ: ಈ ಕ್ಷಣದಲ್ಲಿ ತೊಂದರೆಯಿಲ್ಲ, ಆದರೆ ಯಂತ್ರ ಚಾಲೂ ಆದ ನಂತರ ಒಮ್ಮೆಯಾದರೂ ವೋಲ್ಟೇಜ್ ಕುಸಿದು ವೇಗ ತಗ್ಗಿಸಬೇಕಾಯಿತು ಎಂದು ಅದರ ಅರ್ಥ. ಸರಬರಾಜು 4.63 ವೋಲ್ಟ್‌ಗಿಂತ ಕೆಳಗಿಳಿದಾಗ ಈ ಗುರುತು ಬೀಳುತ್ತದೆ. ಪೈ 4ರ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ನಿಮ್ಮ ಹೊಸ ಡಿಸ್ಕಿಗೆ ತನ್ನದೇ ಅಡಾಪ್ಟರ್ ಇಲ್ಲದಿದ್ದರೆ, ಸ್ವಂತ ವಿದ್ಯುತ್ ಸಂಪರ್ಕವಿರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಡುವುದು ಒಳ್ಳೆಯದು. ನಿಮ್ಮ ಮೂಲ ತೊಂದರೆಗೆ ಇದು ಕಾರಣವಲ್ಲ, ಆದರೂ ಬರೆಯುತ್ತಿರುವಾಗಲೇ ಡಿಸ್ಕಿನ ವಿದ್ಯುತ್ ಹೋಗುವುದು ಹಾಡುಗಳ ಸಂಗ್ರಹಕ್ಕೆ ಕ್ಷೇಮಕರವಲ್ಲ.

ಪ್ರತಿಕ್ರಿಯೆ: ಮಂದ್ರಸ್ಥಾಯಿ

ಸಿಕ್ಕಿತು. ಫೈಂಡ್ ಆದೇಶದ ಉತ್ತರದಲ್ಲಿ ಎರಡೇ ಸಾಲುಗಳಿದ್ದವು: ಒಂದು ಸಂಗೀತದ ಮೇಲ್ಮಟ್ಟದ ಫೋಲ್ಡರ್, ಇನ್ನೊಂದು ಅದರೊಳಗಿನ ಎಂ3ಯು ಕಡತ, ಅಂದರೆ ನನ್ನದೇ ಒಂದು ಪ್ಲೇಲಿಸ್ಟ್.

ಐನೋಟಿಫೈವೇಟ್ ಓಡಿಸಿ ಕಾದೆ. ಸ್ಕ್ಯಾನ್ ನಡೆಯುವ ಆರು ನಿಮಿಷವೂ ತೆರೆ ಖಾಲಿಯಿತ್ತು. ಟಾಪ್‌ನಲ್ಲಿ ಸಂಖ್ಯೆ ಇಳಿಯುತ್ತಿದ್ದಂತೆಯೇ ಮೂರು ಸಾಲುಗಳು ಒಟ್ಟಿಗೆ ಮೂಡಿದವು: ಚುಕ್ಕಿಯಿಂದ ಆರಂಭವಾಗುವ ಹೆಸರಿನ ತಾತ್ಕಾಲಿಕ ಕಡತವೊಂದು ಸೃಷ್ಟಿಯಾಯಿತು, ಅದರಲ್ಲಿ ಬರೆದು ಮುಚ್ಚಲಾಯಿತು, ನಂತರ ಅದರ ಹೆಸರು ಪ್ಲೇಲಿಸ್ಟಿನ ಹೆಸರಾಗಿ ಬದಲಾಯಿತು. ಮೂವತ್ತು ಸೆಕೆಂಡಿನ ಬಳಿಕ ಸ್ಕ್ಯಾನರ್ ಎದ್ದಿತು. ಎರಡು ಸುತ್ತುಗಳ ನಡುವೆ ಆ ಕಡತದ ಚೆಕ್‌ಸಮ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತುಸಂಖ್ಯೆ) ತೆಗೆದು ಹೋಲಿಸಿದೆ. ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಅದರ ಮೇಲಿನ ಸಮಯ ಮಾತ್ರ.

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಬೇಕು. ಡಿಸ್ಕ್ ಬದಲಿಸಿದ ದಿನ, ಮುಂದೆ ಡೇಟಾಬೇಸ್ ಕೆಟ್ಟುಹೋದರೂ ಪ್ಲೇಲಿಸ್ಟ್ ಉಳಿಯಲಿ ಎಂಬ ಮುಂಜಾಗ್ರತೆಯಿಂದ, ಪ್ರತಿ ಸ್ಕ್ಯಾನಿನ ಕೊನೆಗೆ ಪ್ಲೇಲಿಸ್ಟ್‌ಗಳನ್ನು ಕಡತವಾಗಿ ಬರೆದಿಡು ಎಂಬ ಆಯ್ಕೆಯನ್ನು ಒತ್ತಿ, ಜಾಗ ಯಾವುದೆಂದು ಕೇಳಿದಾಗ ಸಂಗೀತದ ಫೋಲ್ಡರನ್ನೇ ತೋರಿಸಿದ್ದೆ. ಸ್ಕ್ಯಾನ್ ಮುಗಿದರೆ ಪ್ಲೇಲಿಸ್ಟ್ ಬರೆಯುತ್ತದೆ, ಬರೆದರೆ ಫೋಲ್ಡರ್ ಬದಲಾಗುತ್ತದೆ, ಬದಲಾದರೆ ಸ್ಕ್ಯಾನ್ ಶುರುವಾಗುತ್ತದೆ. ನಾನು ಡೇಟಾಬೇಸ್ ಅಳಿಸಿದಾಗಲೂ ಆವೃತ್ತಿ ಬದಲಿಸಿದಾಗಲೂ ಸೆಟ್ಟಿಂಗ್‌ಗಳ ಕಡತ ಹಾಗೆಯೇ ಉಳಿದಿದ್ದರಿಂದ ಏನೂ ಪ್ರಯೋಜನವಾಗಿರಲಿಲ್ಲ.

ಪ್ಲೇಲಿಸ್ಟ್‌ಗಳನ್ನು ಬೇರೆ ಫೋಲ್ಡರಿಗೆ ಕಳಿಸಿದ ಮೇಲೆ, ನಿನ್ನೆ ಸಂಜೆಯಿಂದ ಪ್ರೊಸೆಸರ್ ಬಳಕೆ ಪ್ರತಿಶತ 1 ಅಥವಾ 2ರಲ್ಲಿದೆ. ಆಲ್ಬಮ್ ಪಟ್ಟಿ ಕ್ಲಿಕ್ಕಿಸಿದ ಕೂಡಲೇ ತೆರೆಯುತ್ತದೆ. ಡಿಸ್ಕ್ ರಾತ್ರಿ ಮಲಗಿತ್ತು.

ಆದರೂ ಎರಡು ಸಂಶಯಗಳು ಉಳಿದಿವೆ. ಬದಲಾದದ್ದು ಒಂದೇ ಪುಟ್ಟ ಕಡತವಾದರೂ 38,000 ಹಾಡುಗಳನ್ನೂ ನೋಡಿ ಬರಬೇಕಾದ ಅಗತ್ಯವೇನಿತ್ತು? ಮತ್ತು ಈಗಲೂ ಒಂದು ಹಳೆಯ ಫೋನಿನಲ್ಲಿ ಕೇಳುವಾಗ ಮಾತ್ರ ಪ್ರತಿ ಹಾಡಿನ ಆರಂಭದಲ್ಲಿ ಹದಿನೈದು ಸೆಕೆಂಡು ಬಳಕೆ ನೂರರ ಹತ್ತಿರ ಹೋಗಿ ಇಳಿಯುತ್ತದೆ. ಇದೂ ದೋಷವೇ?

ಉತ್ತರ: ಹಳೆಹಲಗೆ

ಮೊದಲನೆಯದಕ್ಕೆ ನೀವೇ ಉತ್ತರ ಕೊಟ್ಟಿದ್ದೀರಿ: ಫೈಂಡ್ ತೋರಿಸಿದ ಎರಡು ಸಾಲುಗಳಲ್ಲಿ ಒಂದು ಮೇಲ್ಮಟ್ಟದ ಫೋಲ್ಡರ್. ಇಂತಹ ಸ್ಕ್ಯಾನರ್‌ಗಳು ಯಾವ ಫೋಲ್ಡರ್ ಬದಲಾಯಿತೋ ಅಲ್ಲಿಂದ ಕೆಳಗಿನದನ್ನೆಲ್ಲ ನೋಡುತ್ತವೆ. ಪ್ಲೇಲಿಸ್ಟ್ ಒಂದು ಆಲ್ಬಮ್ಮಿನ ಫೋಲ್ಡರಿನೊಳಗೆ ಇದ್ದಿದ್ದರೆ ಹನ್ನೆರಡು ಹಾಡುಗಳನ್ನು ನೋಡಿ ಕ್ಷಣದಲ್ಲಿ ಮುಗಿಸುತ್ತಿತ್ತು, ತೊಂದರೆ ಇದ್ದರೂ ನಿಮ್ಮ ಗಮನಕ್ಕೆ ಬರುತ್ತಿರಲಿಲ್ಲ. ಬೇರಿನಲ್ಲಿ ಇಟ್ಟದ್ದರಿಂದ ಇಡೀ ಮರ ಅಲುಗಾಡಿತು. ಇದೇ ಕಾರಣಕ್ಕೆ ಸರ್ವರಿನ ಲಾಗ್, ಡೇಟಾಬೇಸ್, ಚಿತ್ರಗಳ ಕ್ಯಾಶ್, ಬ್ಯಾಕಪ್ ಇವು ಯಾವುವೂ ಸಂಗೀತದ ಫೋಲ್ಡರಿನೊಳಗೆ ಇರಬಾರದು. ಸಾಧ್ಯವಾದರೆ ಸರ್ವರಿಗೆ ಆ ಫೋಲ್ಡರನ್ನು ಓದಲು ಮಾತ್ರ ಅನುಮತಿ ಕೊಡಿ. ಹಾಡಿನ ಕಡತಗಳಲ್ಲಿ ಟ್ಯಾಗ್ ತಿದ್ದುವ ಕೆಲಸವನ್ನು ಬೇರೆ ಪ್ರೋಗ್ರಾಮಿನಿಂದ ಮಾಡುವವರಾದರೆ ಇದರಿಂದ ಏನೂ ನಷ್ಟವಿಲ್ಲ.

ಒಂದು ಮಾತು ಸೇರಿಸುತ್ತೇನೆ. ಇಂತಹ ಸಂದರ್ಭದಲ್ಲಿ ಸಿಸ್ಟಂಡಿಯಲ್ಲಿ (ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸಿಪಿಯು ಕೋಟಾ, ಅಂದರೆ ಪ್ರೊಸೆಸರ್ ಬಳಕೆಯ ಮಿತಿ, ಹಾಕಿ ಸರ್ವರಿಗೆ ಅರ್ಧ ಕೋರ್ ಮಾತ್ರ ಕೊಡಿ ಎಂದು ಸಲಹೆ ಮಾಡುವವರಿದ್ದಾರೆ. ನಿಮ್ಮಲ್ಲಿ ಅದನ್ನು ಮಾಡಿದ್ದರೆ ಸಂಖ್ಯೆ 50ಕ್ಕೆ ಇಳಿದು ಮನಸ್ಸಿಗೆ ಸಮಾಧಾನವಾಗುತ್ತಿತ್ತು, ಸ್ಕ್ಯಾನ್ ಆರರ ಬದಲು ಹನ್ನೆರಡು ನಿಮಿಷಕ್ಕೂ ಮೀರಿ ನಡೆಯುತ್ತಿತ್ತು, ಡಿಸ್ಕ್ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತಿತ್ತು.

ಉತ್ತರ: ಮೂರನೆಯ ತಂತಿ

ಎರಡನೆಯ ಸಂಶಯ ನನ್ನ ಪಾಲಿನದು. ಮೊದಲಿಗೆ ತಪ್ಪು ಮರ ಹತ್ತಿದ್ದಕ್ಕೆ ಈಗಲಾದರೂ ಸರಿಯಾದದ್ದನ್ನು ಹೇಳುತ್ತೇನೆ. ಆ ಹದಿನೈದು ಸೆಕೆಂಡು ಟ್ರಾನ್ಸ್‌ಕೋಡಿಂಗ್, ಮತ್ತು ಅದು ದೋಷವಲ್ಲ. ಎಫ್‌ಎಫ್‌ಎಂಪೆಗ್‌ಗೆ ನಿಧಾನವಾಗಿ ನಡೆ ಎಂದು ಹೇಳದಿದ್ದರೆ ಅದು ಹಾಡಿನ ವೇಗದಲ್ಲಿ ಕೆಲಸ ಮಾಡುವುದಿಲ್ಲ, ಯಂತ್ರದ ವೇಗದಲ್ಲಿ ಮಾಡುತ್ತದೆ. ಐದು ನಿಮಿಷದ ಹಾಡನ್ನು ಹದಿನೈದು ಸೆಕೆಂಡಿನಲ್ಲಿ ಕಟ್ಟಿಮುಗಿಸಿ ಉಳಿದ ಹೊತ್ತು ಸುಮ್ಮನಿರುತ್ತದೆ. ಕೆಲಸ ಮುಗಿಸಿ ಮಲಗುವ ಪ್ರೊಸೆಸರ್ ಬಗ್ಗೆ ಚಿಂತಿಸಬೇಕಾದದ್ದೇನೂ ಇಲ್ಲ.

ಅದೂ ಬೇಡವೆಂದರೆ, ಆ ಫೋನಿನ ಆ್ಯಪ್‌ನಲ್ಲಿ ವೈಫೈ ಮೂಲಕ ಕೇಳುವಾಗಿನ ಗುಣಮಟ್ಟವನ್ನು ಮೂಲ ಕಡತ ಎಂದು ಬದಲಿಸಿ ನೋಡಿ. ಆಂಡ್ರಾಯ್ಡ್ 3.1ರಿಂದ ಈಚೆಗೆ ಫ್ಲಾಕ್ ಓದಲು ಬರುತ್ತದೆ, ಆದ್ದರಿಂದ ಫೋನ್ ಎಷ್ಟೇ ಹಳೆಯದಾದರೂ ಮಿತಿ ಇರುವುದು ಬಹುಶಃ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ.

ಪ್ರತಿಕ್ರಿಯೆ: ಮಂದ್ರಸ್ಥಾಯಿ

ಹಾಗೆಯೇ ಇತ್ತು, ಮಿತಿ 128ಕ್ಕೆ ನಿಂತಿತ್ತು. ಮೂಲ ಕಡತ ಎಂದು ಬದಲಿಸಿದ ಮೇಲೆ ಆ ಏರಿಳಿತವೂ ನಿಂತಿದೆ. ಡಿಸ್ಕಿಗೆ ಸ್ವಂತ ವಿದ್ಯುತ್ ಇರುವ ಹಬ್ ಜೋಡಿಸಿ ಯಂತ್ರವನ್ನು ಮರುಚಾಲನೆ ಮಾಡಿದ್ದೇನೆ. ಥ್ರಾಟಲ್ಡ್ ಆದೇಶಕ್ಕೆ ಈಗ ಸೊನ್ನೆ ಬರುತ್ತಿದೆ. ಸಂಗೀತದ ಫೋಲ್ಡರನ್ನು ಓದಲು ಮಾತ್ರ ಎಂದು ಜೋಡಿಸುವ ಕೆಲಸ ಬಾಕಿಯಿದೆ, ಅದನ್ನು ಈ ವಾರದೊಳಗೆ ಮಾಡುತ್ತೇನೆ.